ಹೆಗಲೇರುವ ದೋಣಿ

ದೋಣಿಯೆಂಬುದು ಮನುಷ್ಯನನ್ನು ಹೊರುವ ವಸ್ತುವೇ ಹೊರತು ಮನುಷ್ಯನು ಹೊರಬೇಕಾದ ವಸ್ತುವಲ್ಲವೆಂದು ನಾನು ಬಾಲ್ಯದಿಂದಲೂ ನಂಬಿಕೊಂಡು ಬಂದವನು. ಅಘನಾಶಿನಿಯ ದಂಡೆಯ ನಮ್ಮ ಊರಿನಲ್ಲಿ ದೊಡ್ಡಪ್ಪನವರಿಗೆ ಒಂದು ಪಾತಿ ದೋಣಿ ಇದ್ದಿತು. ಒಂದೇ ಮಾವಿನ ದಿಮ್ಮಿಯನ್ನು ಕೊರೆದು ಮಾಡಿದ ಅದನ್ನು ಮಳೆಗಾಲಕ್ಕೆ ಮುನ್ನ ದಂಡೆಗೇರಿಸಿ ಗೇರುಸಿಪ್ಪೆಯ ಎಣ್ಣೆ ಬಳಿಯಬೇಕಾದಾಗ, ಗಟ್ಟಿಮುಟ್ಟಾದ ನಾಲ್ವರು ಆಳುಗಳು ಅಡಿಗೆ ತೆಂಗಿನ ತುಂಡುಗಳನ್ನು ಉರುಳುಗಳಂತೆ ಕೊಟ್ಟು, ಐಸಾ ಎಂದು ಕೂಗಿ ಎಳೆದರೂ ಅದು ಮೊಳಮೊಳವಾಗಿ ಮಾತ್ರವೇ ಸರಿಯುತ್ತಿದ್ದಿತು. ಹೀಗಿರುವಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ನಾನು ನೆಲೆಸಿದ ಹೊಸತರಲ್ಲಿ, ಅರುವತ್ತು ದಾಟಿದ ನಮ್ಮ ನೆರೆಯವರೊಬ್ಬರು 16 ಅಡಿ ಉದ್ದದ ದೋಣಿಯೊಂದನ್ನು ಟೋಪಿಯಂತೆ ತಲೆಯ ಮೇಲೆ ಬೋರಲು ಹಾಕಿಕೊಂಡು ಹಿತ್ತಿಲ ಹುಲ್ಲಿನಲ್ಲಿ ನಿರಾಯಾಸವಾಗಿ ನಡೆದು ಬರುತ್ತಿದ್ದುದನ್ನು ಕಂಡು ನನಗಾದ ವಿಸ್ಮಯವು ಅಷ್ಟಿಷ್ಟಲ್ಲ. ಆ ರಾತ್ರಿಯೇ ಊರಿಗೆ ಫೋನು ಮಾಡಿ ದೊಡ್ಡಪ್ಪನವರಿಗೆ ಸಂಗತಿಯನ್ನು ತಿಳಿಸಿದೆನು. ಅವರು ಕ್ಷಣಕಾಲ ಸುಮ್ಮನಿದ್ದು, “ತಮಾ, ದೋಣಿ ಹೊತ್ಕೊಂಡು ತಿರುಗೂದಾದ್ರೆ ಹೊಳೆ ಎಂತಕ್ಕೆ?” ಎಂದರು.

ಆ ಪ್ರಶ್ನೆಯ ಉತ್ತರವು ಈ ದೇಶದ ಭೂಸ್ವರೂಪದಲ್ಲಿಯೇ ಅಡಗಿದೆ. ನಮ್ಮ ಕರಾವಳಿಯ ನದಿಗಳು ಘಟ್ಟವನ್ನಿಳಿದ ತರುವಾಯ ಅವಸರವನ್ನು ಬಿಟ್ಟು, ಉಬ್ಬರ ಇಳಿತಗಳಿಗೆ ಮೈಯೊಡ್ಡಿ, ಅಳಿವೆಯ ಪರ್ಯಂತ ಒಂದೇ ಸಮನೆ ಹರಿಯುವಂಥವು. ದೋಣಿಯನ್ನು ಒಮ್ಮೆ ನೀರಿಗಿಳಿಸಿದರೆ ಅದರ ಆಯುಷ್ಯವೆಲ್ಲ ನೀರಿನಲ್ಲಿಯೇ ಸವೆಯುತ್ತದೆ. ಒಂಟಾರಿಯೊದ ಉತ್ತರ ಭಾಗವಾದರೋ, ಹಿಮಯುಗದ ಹಿಮನದಿಗಳು ಉಜ್ಜಿ ಕೆರೆದು ಬಿಟ್ಟುಹೋದ ಪುರಾತನ ಶಿಲೆಯ ನಾಡು. ಇಲ್ಲಿ ಸರೋವರಗಳಿಗೆ ಲೆಕ್ಕವಿಲ್ಲ. ಆದರೆ ಒಂದಕ್ಕೂ ಮತ್ತೊಂದಕ್ಕೂ ನಡುವೆ ಬಂಡೆಯ ದಿಬ್ಬವೋ, ಜೌಗು ನೆಲವೋ, ಧುಮ್ಮಿಕ್ಕುವ ಝರಿಯೋ ಅಡ್ಡವಾಗಿರುತ್ತದೆ. ಇಂಥ ನಾಡಿನಲ್ಲಿ ಸಂಚರಿಸಬೇಕಾದವನ ದೋಣಿಯು ಅರ್ಧ ಹಾದಿ ಅವನನ್ನು ಹೊತ್ತು, ಉಳಿದರ್ಧ ಹಾದಿಯಲ್ಲಿ ಅವನಿಂದ ಹೊರಿಸಿಕೊಳ್ಳುವಷ್ಟು ಹಗುರವಾಗಿರದೆ ಗತ್ಯಂತರವಿಲ್ಲ.

ಇಂಥ ಹಗುರ ದೋಣಿಗೆ ಕನೂ ಎಂಬ ಹೆಸರು ಬಂದುದು ಕೆರಿಬಿಯನ್ ದ್ವೀಪಗಳ ತೈನೊ ಜನರ ಭಾಷೆಯಿಂದ. ಕೊಲಂಬಸನ ಕಾಲದಲ್ಲಿ ಅದು ಸ್ಪ್ಯಾನಿಷಿಗೆ ಸೇರಿ, ಅಲ್ಲಿಂದ ಯುರೋಪಿನ ಇತರ ಭಾಷೆಗಳಿಗೆ ಹಬ್ಬಿತು. ಇಲ್ಲಿನ ಕಾಡುಗಳಲ್ಲಿ ತಲೆತಲಾಂತರದಿಂದ ಈ ದೋಣಿಯನ್ನು ಕಟ್ಟಿಕೊಂಡು ಬಂದ ಅನಿಶಿನಾಬೆ ಜನರು ಅದನ್ನು ಜೀಮಾನ್ ಎನ್ನುತ್ತಾರೆ. ಬಿಸಿನೀರಿನಿಂದ ಮೆದುಗೊಳಿಸಿ ಬಾಗಿಸಿದ ಸೀಡರ್ ಮರದ ಪಕ್ಕೆಲುಬುಗಳು, ಹೊರಗೆ ಬರ್ಚ್ ಮರದ ತೊಗಟೆಯ ಹೊದಿಕೆ, ಹೊಲಿಯುವುದಕ್ಕೆ ಸ್ಪ್ರೂಸ್ ಮರದ ಬೇರು, ಹೊಲಿಗೆಯ ಸಂದುಗಳಿಗೆ ಅದೇ ಮರದ ಅಂಟಿಗೆ ಕೊಬ್ಬನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಕಾಯಿಸಿದ ಲೇಪ. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಕ್ಕದು. ಬರ್ಚ್ ಎಂದೊಡನೆ ಅದು ಯಾವುದೋ ಪರದೇಶದ ಮರವೆಂದು ವಾಚಕರು ಭಾವಿಸಬೇಕಾಗಿಲ್ಲ. ಹಿಮಾಲಯದ ಭೂರ್ಜವೃಕ್ಷವು ಅದರ ಸೋದರ ಜಾತಿಯೇ ಆಗಿದೆ. ಕಾಶ್ಮೀರದ ಪಂಡಿತರು ಯಾವ ತೊಗಟೆಯ ಮೇಲೆ ಶಾಸ್ತ್ರಗ್ರಂಥಗಳನ್ನು ಬರೆದಿಟ್ಟರೋ, ಅದರ ದಾಯಾದಿಯೊಳಗೆ ಕುಳಿತು ಇಲ್ಲಿನ ಜನ ಸರೋವರಗಳನ್ನು ದಾಟಿದರು. ಹಗುರವಾಗಿದ್ದು, ನೀರಿಗೆ ಮಣಿಯದೆ, ಬೇಗನೆ ಕೊಳೆಯದೆ ಇರುವ ಗುಣವು ಎರಡಕ್ಕೂ ಸಮಾನವೇ.

ತರುವಾಯ ಬಂದ ಫ್ರೆಂಚರೂ ಇಂಗ್ಲಿಷರೂ ಬೀವರ್ ಎಂಬ ಪ್ರಾಣಿಯ ತುಪ್ಪಳಕ್ಕಾಗಿ, ಅಂದರೆ ಯುರೋಪಿನ ಶ್ರೀಮಂತರ ಟೋಪಿಗಳಿಗಾಗಿ, ಈ ದೋಣಿಯನ್ನೇ ಹಿಗ್ಗಿಸಿಕೊಂಡರು. ಮಾಂಟ್ರಿಯಲ್ಲಿನಿಂದ ಹೊರಡುತ್ತಿದ್ದ ದೊಡ್ಡ ತೊಗಟೆ ದೋಣಿಗಳು ಸುಮಾರು 36 ಅಡಿ ಉದ್ದವಿದ್ದು ಮೂರು ಟನ್ನಿನಷ್ಟು ಸರಕನ್ನು ಹೊರುತ್ತಿದ್ದವು. ಅವುಗಳನ್ನು ನಡೆಸುತ್ತಿದ್ದ ಕೂಲಿಯಾಳುಗಳು ದಡ ಬಂದಾಗ ಸುಮಾರು 40 ಕಿಲೋ ತೂಕದ ಎರಡೆರಡು ಮೂಟೆಗಳನ್ನು, ಹಣೆಗೆ ಬಿಗಿದ ಚರ್ಮದ ಪಟ್ಟಿಯ ಆಧಾರದಿಂದ ಬೆನ್ನ ಮೇಲೇರಿಸಿಕೊಂಡು, ಓಡುನಡಿಗೆಯಲ್ಲಿ ಸಾಗುತ್ತಿದ್ದರು. ಸುಪೀರಿಯರ್ ಸರೋವರದ ದಂಡೆಯಿಂದ ಒಳನಾಡಿಗೆ ಹೋಗುವ ಗ್ರ್ಯಾಂಡ್ ಪೋರ್ಟೇಜ್ ಎಂಬ ಹೊರೆದಾರಿಯೊಂದೇ ಸುಮಾರು 14 ಕಿಲೋಮೀಟರು. ಪೋರ್ಟೇಜ್ ಎಂಬ ಫ್ರೆಂಚ್ ಶಬ್ದಕ್ಕೆ ಹೊರುವುದು ಎಂದೇ ಅರ್ಥ. ಆ ಆಳುಗಳಲ್ಲಿ ಬಹುಮಂದಿಗೆ ಈಜು ಬರುತ್ತಿರಲಿಲ್ಲವೆಂದು ಹೇಳುತ್ತಾರೆ. ಜೀವಮಾನವೆಲ್ಲ ನೀರಿನ ಮೇಲೆ ಕಳೆದ ನಮ್ಮ ಕಡೆಯ ಅಂಬಿಗರಲ್ಲಿಯೂ ಈಜದವರನ್ನು ನಾನು ಬಲ್ಲೆನಾದ್ದರಿಂದ ಇದು ನನಗೆ ಅಷ್ಟೇನೂ ಅಚ್ಚರಿಯೆನಿಸಲಿಲ್ಲ.

ಕನೂವು ಈ ದೇಶದ ಚಿತ್ತದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, 1935ರಲ್ಲಿ ಹೊರಟ ಬೆಳ್ಳಿಯ ಡಾಲರಿನ ಮೇಲೆ ಅಚ್ಚಾದುದು ಅದರದೇ ಚಿತ್ರ. 1986ರಲ್ಲಿ ಹೊಸ ಒಂದು ಡಾಲರಿನ ನಾಣ್ಯವನ್ನು ಟಂಕಿಸಲು ಹೊರಟಾಗಲೂ ಅದೇ ಚಿತ್ರವನ್ನು ಇಡಬೇಕೆಂದಿದ್ದರು. ಆದರೆ ಅಚ್ಚಿನ ಮೂಲಪಡಿಗಳು ಆಟವಾದಿಂದ ವಿನಿಪೆಗ್ಗಿಗೆ ಹೋಗುವ ದಾರಿಯಲ್ಲಿ ಕಳೆದುಹೋದುದರಿಂದ, ಕಳ್ಳನಾಣ್ಯದ ಭಯದಿಂದ ಚಿತ್ರವನ್ನೇ ಬದಲಿಸಿ, ಲೂನ್ ಎಂಬ ನೀರುಹಕ್ಕಿಯನ್ನು ಅಚ್ಚು ಹಾಕಿ 1987ರಲ್ಲಿ ಹೊರಡಿಸಿದರು. ಸಾಗಿಸುವಾಗ ಕನೂ ಕಳೆದುಕೊಂಡವರಲ್ಲಿ ಸರಕಾರವೂ ಒಂದೆಂಬ ಈ ವೃತ್ತಾಂತವು, ಮುಂದೆ ನಾನು ಹೇಳಲಿರುವ ನನ್ನ ಸ್ವಂತ ಅವಮಾನದ ಕಾಲದಲ್ಲಿ ನನಗೆ ತಕ್ಕಮಟ್ಟಿನ ಸಮಾಧಾನವನ್ನು ಕೊಟ್ಟಿತು.

ಮೊದಲು ಕೊಳ್ಳುವ ಮಾತು. ತೊಗಟೆಯ ದೋಣಿಗಳು ಈಗ ಪೀಟರ್‌ಬರೋ ನಗರದ ಕನೂ ವಸ್ತುಸಂಗ್ರಹಾಲಯದಂಥ ಕಡೆಗಳಲ್ಲಿಯೂ, ಆ ವಿದ್ಯೆಯನ್ನು ಬಿಡದ ಕೆಲವೇ ಮಂದಿ ಕಟ್ಟುಗಾರರಲ್ಲಿಯೂ ಕಾಣಸಿಗುತ್ತವೆ. ಅವುಗಳ ಸ್ಥಾನಕ್ಕೆ ಮೊದಲು ಬಂದುದು ಸೀಡರ್ ಹಲಗೆಯ ಮೇಲೆ ಕ್ಯಾನ್ವಾಸು ಬಿಗಿದು ಬಣ್ಣ ಬಳಿದ ದೋಣಿ. 1944ರಲ್ಲಿ ಗ್ರಮ್ಮನ್ ಎಂಬ ವಿಮಾನ ಕಾರ್ಖಾನೆಯ ಅಧಿಕಾರಿಯೊಬ್ಬರು ಅಂಥದೊಂದನ್ನು ಕಾಡುದಾರಿಯಲ್ಲಿ ಹೊತ್ತು ಬೇಸತ್ತು, ವಿಮಾನದ ಅಲ್ಯೂಮಿನಿಯಂ ತಗಡಿನಿಂದಲೇ ದೋಣಿ ಮಾಡಬಾರದೇಕೆಂದು ಯೋಚಿಸಿದುದರ ಫಲವಾಗಿ, ಯುದ್ಧ ಮುಗಿಯುವ ಹೊತ್ತಿಗೆ ಅಲ್ಯೂಮಿನಿಯಂ ಕನೂ ಹುಟ್ಟಿತು. ಅದು ಗಟ್ಟಿ, ಅಗ್ಗ. ಆದರೆ ಬಂಡೆಗೆ ತಾಗಿದರೆ ಜಾತ್ರೆಯ ತಮಟೆಯಂತೆ ಮೊಳಗುತ್ತದೆ. ಇಂದು ಧನಬಲವುಳ್ಳವರು ಕೆವ್ಲಾರ್ ಎಂಬ ನಾರಿನ ದೋಣಿಯನ್ನು ಕೊಳ್ಳುತ್ತಾರೆ. 1965ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನಶಾಸ್ತ್ರಜ್ಞೆ ಕಂಡುಹಿಡಿದ, ಗುಂಡು ತಡೆಯುವ ಅಂಗಿಗಳಿಗೂ ಒದಗುವ ಆ ನಾರಿನಿಂದ ಮಾಡಿದ 16 ಅಡಿಯ ದೋಣಿ ಇಪ್ಪತ್ತು ಕಿಲೋದಷ್ಟೇ ತೂಗುತ್ತದೆ. ನನ್ನದು ಇವಾವುದೂ ಅಲ್ಲ. ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ನೊರೆಯ ತಿರುಳಿರುವ ರಾಯಲೆಕ್ಸ್ ಎಂಬ ಹಾಳೆಯಿಂದ ಮಾಡಿದ, ಅಂಚಿಗೆ ಆಶ್ ಮರದ ಪಟ್ಟಿ ಕೂರಿಸಿದ ಹಳೆಯ ದೋಣಿ. ಬಂಡೆಗೆ ಬಡಿದು ತಗ್ಗಾದರೂ ಮತ್ತೆ ತಾನಾಗಿ ಉಬ್ಬಿಕೊಳ್ಳುವ ಆ ಹಾಳೆಯ ತಯಾರಿಕೆಯು 2014ರ ಹೊತ್ತಿಗೆ ನಿಂತುಹೋಯಿತಾಗಿ, ಈಗ ಅದು ಹಳೆಯದಾಗಿಯೇ ಸಿಕ್ಕಬೇಕು.

ಹಳೆಯ ದೋಣಿಯನ್ನು ಕೊಳ್ಳುವುದು ಹಳೆಯ ಎತ್ತನ್ನು ಕೊಂಡಂತೆ. ಬಣ್ಣವನ್ನು ನೋಡಿ ಮರುಳಾಗಬಾರದು. ಬೋರಲು ಹಾಕಿಸಿ, ಒಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ತಳದ ನಡುಗೆರೆಯ ಉದ್ದಕ್ಕೂ ದೃಷ್ಟಿ ಹಾಯಿಸಿದರೆ ಅದು ಎಲ್ಲಿ ಸೊಟ್ಟಗಿದೆಯೆಂಬುದು ತಿಳಿಯುತ್ತದೆ. ಮರದ ಅಂಚುಪಟ್ಟಿಯ ಅಡಿಭಾಗವನ್ನು ಉಗುರಿನಿಂದ ಒತ್ತಿ ನೋಡಬೇಕು. ಉಗುರು ಇಳಿದರೆ ಮರ ಕೊಳೆತಿದೆಯೆಂದರ್ಥ. ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದುದು ತಳದ ಆಕಾರ. ಚಪ್ಪಟೆ ತಳದ ದೋಣಿಯು ನಿಂತ ನೀರಿನಲ್ಲಿ ಮಂಚದಂತೆ ಸ್ಥಿರವಾಗಿರುತ್ತದೆ. ಕೊಳ್ಳುವವನು ದಂಡೆಯ ಬಳಿ ಒಮ್ಮೆ ಕುಳಿತು ನೋಡಿ, ಇದರಷ್ಟು ಭದ್ರವಾದುದು ಮತ್ತೊಂದಿಲ್ಲವೆಂದು ಹಣ ಎಣಿಸುತ್ತಾನೆ. ಆದರೆ ಅಲೆಯೆದ್ದಾಗ ಅದು ಅಲೆಯ ಓರೆಯನ್ನೇ ಅನುಸರಿಸಿ, ಒಂದು ಮಿತಿಯನ್ನು ದಾಟಿದೊಡನೆ ಮುನ್ಸೂಚನೆಯಿಲ್ಲದೆ ಮಗುಚುತ್ತದೆ. ಸ್ವಲ್ಪ ದುಂಡಗೆ ಬಾಗಿದ ತಳದ ದೋಣಿಯಾದರೋ ಮೊದಲ ಕ್ಷಣದಲ್ಲಿ ಅತ್ತಿತ್ತ ಹೊಯ್ದಾಡಿ ಹೆದರಿಸಿದರೂ, ಓರೆಯಾದಷ್ಟೂ ಬಿಗಿದುಕೊಂಡು ನಿಲ್ಲುತ್ತದೆ. ಮೊದಲ ಭೇಟಿಯಲ್ಲಿಯೇ ಹಿತವೆನಿಸುವ ದೋಣಿಯನ್ನು ಕಂಡರೆ ನನಗೆ ಈಗಲೂ ಸಂಶಯ.

ಕೊಂಡುದಾಯಿತು, ಇನ್ನು ಮನೆಗೆ ತರುವುದು. ಕಾರಿನ ಮೇಲೆ ಒಂದು ದೋಣಿಯನ್ನು ಕಟ್ಟುವುದರಲ್ಲಿ ಕಲಿಯಬೇಕಾದ ವಿದ್ಯೆಯೇನಿದೆಯೆಂದು ತಿಳಿದ ನಾನು, ಅಂಗಡಿಯಲ್ಲಿ ಸಿಕ್ಕ ಹಳದಿ ಬಣ್ಣದ ಪ್ಲಾಸ್ಟಿಕ್ ಹಗ್ಗದಿಂದ ನಡುವಿಗೆ ಎರಡು ಸುತ್ತು ಸುತ್ತಿ, ಊರಿನಲ್ಲಿ ದನ ಕಟ್ಟುತ್ತಿದ್ದ ಗಂಟನ್ನೇ ಹಾಕಿ ಹೆದ್ದಾರಿಗೆ ಇಳಿದೆನು. ಗಂಟೆಗೆ 100 ಕಿಲೋಮೀಟರಿನ ವೇಗಕ್ಕೆ ಬಂದಾಗ ತಲೆಯ ಮೇಲೆ ದುಂಬಿಯ ಝೇಂಕಾರದಂಥ ನಾದವು ಕೇಳಿಸತೊಡಗಿತು. ಅದು ಕ್ರಮೇಣ ಶಂಖದ ದನಿಯಾಗಿ, ಬಳಿಕ ಒಮ್ಮೆಲೇ ನಿಂತುಹೋಯಿತು. ಮುಂಗಾಜಿನ ಮೇಲ್ಭಾಗದಲ್ಲಿ ಕಾಣುತ್ತಿದ್ದ ದೋಣಿಯ ಮೂತಿಯು ಆನೆಯು ಸೊಂಡಿಲೆತ್ತಿದಂತೆ ಮೇಲೆದ್ದು, ಎಡಕ್ಕೆ ತಿರುಗಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ, “ನಿಲ್ಸಿ, ನಿಲ್ಸಿ, ದೋಣಿ ಹೊರಟ್ಹೋತು!” ಎಂದು ಕೂಗಿದಳು. ರಸ್ತೆಯ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ, ಹಗ್ಗವು ನುಣುಪಾದುದರಿಂದ ಗಂಟು ತಾನಾಗಿಯೇ ಸಡಿಲಗೊಂಡು ಬಿಚ್ಚಿಕೊಳ್ಳುವುದರಲ್ಲಿದ್ದಿತು. ಇಪ್ಪತ್ತೆಂಟು ಕಿಲೋದ ಆ ಹೊರೆಯು ಹಿಂದಿನಿಂದ ಬರುತ್ತಿದ್ದವರ ಗಾಜಿನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ನನ್ನ ಕನೂ ಜೀವನದ ಅತ್ಯಂತ ಅಪಾಯಕರ ಗಳಿಗೆಯು ನೀರಿನಿಂದ ನೂರು ಮೈಲಿ ದೂರದಲ್ಲಿ ಸಂಭವಿಸಿತು.

ನೆರೆಯ ಮುದುಕರು ಮರುದಿನ ನನ್ನನ್ನು ಕರೆದು ಪಾಠ ಹೇಳಿದರು. ದೋಣಿಯು ಬೋರಲಾಗಿ, ಅಂಚುಪಟ್ಟಿಗಳು ಕಾರಿನ ಮೇಲಿನ ಎರಡು ಅಡ್ಡಸರಳುಗಳ ಮೇಲೆ ಸಮನಾಗಿ ಕೂರಬೇಕು. ಸರಳುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಪ್ರತಿ ಸರಳಿಗೂ ಒಂದರಂತೆ ಎರಡು ಅಗಲವಾದ ನೈಲಾನ್ ಪಟ್ಟಿಗಳು ಬೆನ್ನ ಮೇಲಿನಿಂದ ಹಾದು ಬಂದು, ಕೈಯಿಂದ ಎಳೆದು ಬಿಗಿಯುವ ಕೊಂಡಿಯಲ್ಲಿ ಮುಗಿಯಬೇಕು. ಲಾರಿಯವರು ಬಳಸುವ ಹಲ್ಲುಗಾಲಿಯ ಬಿಗಿಯುವ ಯಂತ್ರ ಬೇಡವೇ ಬೇಡ, ಅದರ ಬಲಕ್ಕೆ ದೋಣಿಯ ಪಕ್ಕೆಯೇ ಮುರಿದೀತು. ಪಟ್ಟಿಗೆ ಅರ್ಧ ತಿರುಚು ಕೊಟ್ಟರೆ ಗಾಳಿಗೆ ಅದು ಕಂಪಿಸಿ ಹಾಡುವುದಿಲ್ಲ. ನಾನು ಕೇಳಿದ ದುಂಬಿಯ ನಾದದ ರಹಸ್ಯ ಇಷ್ಟೇ. ಇಷ್ಟಾದರೂ ಕೆಲಸ ಅರ್ಧವೇ ಆಯಿತು. ಗಾಳಿಯು ದೋಣಿಯನ್ನು ಎತ್ತುವುದು ಮೂತಿಯಿಂದಲಾದ್ದರಿಂದ, ಮುಂತುದಿಯಿಂದ ಕಾರಿನ ಮುಂಭಾಗದ ಕೊಕ್ಕೆಗೂ, ಹಿಂತುದಿಯಿಂದ ಹಿಂಭಾಗದ ಕೊಕ್ಕೆಗೂ ಬೇರೆಯಾಗಿ ಹಗ್ಗ ಬಿಗಿಯಬೇಕು. ಅದಕ್ಕೆ ಅವರು ಹಾಕಿ ತೋರಿಸಿದ ಗಂಟನ್ನು ನೋಡಿ ನನಗೆ ನಗು ಬಂದಿತು: ಹಗ್ಗದಲ್ಲಿಯೇ ಒಂದು ಕುಣಿಕೆಯನ್ನು ಮಾಡಿ, ತುದಿಯನ್ನು ಅದರೊಳಗಿಂದ ರಾಟೆಯಂತೆ ಎಳೆದು ಬಿಗಿಯುವ ಅದು, ನಮ್ಮ ಹುಲ್ಲುಗಾಡಿಯವರು ಹೇರು ಬಿಗಿಯುತ್ತಿದ್ದ ರೀತಿಯೇ ಆಗಿದ್ದಿತು. ಹೊರಟು ಐದಾರು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಲ್ಲಿಸಿ, ಎಲ್ಲ ಕಟ್ಟುಗಳನ್ನೂ ಮತ್ತೊಮ್ಮೆ ಎಳೆದು ನೋಡುವುದು ಕಡೆಯ ಪಾಠ. ಹೊಸದಾಗಿ ಬಿಗಿದ ಪಟ್ಟಿಯು ಸ್ವಲ್ಪ ಹಿಗ್ಗದೆ ಇರುವುದಿಲ್ಲ.

ಒಂದು ಸರೋವರದಿಂದ ಮತ್ತೊಂದಕ್ಕೆ ದೋಣಿಯನ್ನು ಒಯ್ಯುವವನು ತನಗರಿವಿಲ್ಲದೆ ಮತ್ತಾರನ್ನೋ ಒಯ್ಯಬಹುದು. ಹಡಗುಗಳ ತಳದ ನೀರಿನೊಡನೆ ಬಂದ ಜೀಬ್ರಾ ಮಳಿ ಎಂಬ ಬೆರಳುಗುರಿನ ಗಾತ್ರದ ಚಿಪ್ಪುಜೀವಿಯು 1988ರಲ್ಲಿ ಇಲ್ಲಿನ ಮಹಾಸರೋವರಗಳ ಪ್ರದೇಶದಲ್ಲಿ ಪತ್ತೆಯಾದುದು ಮೊದಲ್ಗೊಂಡು ಊರೂರಿನ ಕೆರೆಗಳಿಗೆ ಹಬ್ಬುತ್ತಿರುವುದು ಹೀಗೆಯೇ. 2022ರಿಂದ ಒಂಟಾರಿಯೊದಲ್ಲಿ, ದೋಣಿಯನ್ನು ರಸ್ತೆಗೇರಿಸುವ ಮುನ್ನ ಒಳಗಿನ ನೀರನ್ನು ಚೆಲ್ಲಿ, ಅಂಟಿಕೊಂಡ ಪಾಚಿ ಕಸಗಳನ್ನು ತೆಗೆಯಬೇಕೆಂಬುದು ಕಾಯಿದೆಯೇ ಆಗಿದೆ.

ನೀರಿನ ಅಂಚಿಗೆ ಬಂದು ನಿಂತೆವೆನ್ನೋಣ. ದೋಣಿಯೊಳಗೆ ಕಾಲಿಡುವಾಗ ಹೆಜ್ಜೆಯು ನಡುಗೆರೆಯ ಮೇಲೆಯೇ ಬೀಳಬೇಕು, ಎರಡು ಕೈಗಳೂ ಎರಡು ಅಂಚುಪಟ್ಟಿಗಳನ್ನು ಹಿಡಿದಿರಬೇಕು, ಬೆನ್ನು ಬಾಗಿರಬೇಕು. ಒಬ್ಬರು ಹತ್ತುವಾಗ ಮತ್ತೊಬ್ಬರು ಅಲುಗದೆ ದೋಣಿಯನ್ನು ಹಿಡಿದಿರಬೇಕು. ನೆಟ್ಟಗೆ ನಿಂತವನನ್ನು ಕನೂ ಕ್ಷಮಿಸುವುದಿಲ್ಲ. ಆಸನದ ಮೇಲೆ ಕುಳಿತುಕೊಳ್ಳುವುದು ರೂಢಿಯಾದರೂ, ಅಲೆಯೆದ್ದೊಡನೆ ಆಸನದಿಂದ ಜಾರಿ, ಮೊಣಕಾಲುಗಳನ್ನು ಅಗಲಿಸಿ ತಳಕ್ಕೆ ಊರಿ, ಪೃಷ್ಠವನ್ನು ಆಸನದ ಅಂಚಿಗೆ ಒರಗಿಸುವುದು ಬಲ್ಲವರ ಕ್ರಮ. ದೇಹದ ಭಾರವು ಕೆಳಗಿಳಿದು ಮೂರು ಕಡೆ ದೋಣಿಗೆ ಅಂಟಿಕೊಂಡಾಗ, ದೋಣಿಯ ಓಲಾಟವು ನಮ್ಮ ನಡುವಿಗೆ ಮೊದಲು ತಿಳಿದು, ತಲೆಯು ಅದನ್ನರಿಯುವ ಮೊದಲೇ ದೇಹವು ಸರಿಪಡಿಸಿಕೊಳ್ಳುತ್ತದೆ. ಪಾತಿ ದೋಣಿಯಲ್ಲಿ ದೊಡ್ಡಪ್ಪನವರು ಮಂಡಿಯೂರಿ ಬಲೆ ಎಳೆಯುತ್ತಿದ್ದುದು ದೈನ್ಯದಿಂದಲ್ಲ, ಶಾಸ್ತ್ರದಿಂದ ಎಂಬುದು ನನಗೆ ಅರ್ಥವಾದುದು ಸಾವಿರಾರು ಮೈಲಿ ದೂರಕ್ಕೆ ಬಂದ ಮೇಲೆ.

ಹುಟ್ಟು ಹಾಕುವುದು ತೋಳಿನ ಕೆಲಸವೆಂದು ಹೊಸಬರು ತಿಳಿಯುತ್ತಾರೆ. ಅರ್ಧ ಗಂಟೆಯಲ್ಲಿ ತೋಳು ಅವರಿಗೆ ಬುದ್ಧಿ ಹೇಳುತ್ತದೆ. ಅದು ಸೊಂಟವೂ ಬೆನ್ನೂ ತಿರುಗಿ ಮಾಡಬೇಕಾದ ಕೆಲಸ. ಇಬ್ಬರಲ್ಲಿ ಮುಂದೆ ಕುಳಿತವನು ಬಲವನ್ನು ಕೊಟ್ಟರೆ, ಹಿಂದೆ ಕುಳಿತವನು ದಿಕ್ಕನ್ನು ಕೊಡಬೇಕು. ಇಲ್ಲಿಯೇ ಈ ವಿದ್ಯೆಯ ಗಂಟು. ಹಿಂದಿನವನು ಎಡಬದಿಯಲ್ಲಿ ಹುಟ್ಟು ಹಾಕಿದ ಪ್ರತಿ ಸಲವೂ ದೋಣಿಯ ಮೂತಿಯು ಬಲಕ್ಕೆ ಸರಿಯುತ್ತದೆ. ಸರಿಪಡಿಸಲೆಂದು ಬದಿ ಬದಲಾಯಿಸಿದರೆ ದೋಣಿಯು ಸಾಗುವ ಹಾದಿ ಹಾವಿನದಾಗುತ್ತದೆ. ಆದಕಾರಣ ಹೊಡೆತದ ಕೊನೆಯಲ್ಲಿ, ಮೇಲುಗೈಯ ಹೆಬ್ಬೆರಳು ಕೆಳಮುಖವಾಗುವಂತೆ ಹುಟ್ಟನ್ನು ಹೊರಳಿಸಿ, ಅಲಗಿನಿಂದ ನೀರನ್ನು ಮೆಲ್ಲನೆ ಹೊರಗೆ ತಳ್ಳಬೇಕು. ಮೇಲಿನಿಂದ ನೋಡಿದರೆ ಅಲಗು ನಡೆದ ದಾರಿಯು ಇಂಗ್ಲಿಷಿನ ಜೆ ಅಕ್ಷರದಂತಿರುವುದರಿಂದ ಇದಕ್ಕೆ ಜೆ ಹೊಡೆತವೆಂದೇ ಹೆಸರು. ಎಡಬದಿಯಲ್ಲಿ ಮಾತ್ರ ಅದು ಜೆ. ಬಲಬದಿಯಲ್ಲಿ ಅದರ ಕನ್ನಡಿಬಿಂಬ. ಹೆಸರಿಟ್ಟವರು ಎಡಬದಿಯವರಿರಬೇಕು. 1988ರಲ್ಲಿ ತೀರಿಕೊಂಡ ಬಿಲ್ ಮೇಸನ್ ಎಂಬ ಚಲನಚಿತ್ರಕಾರರು ತಮ್ಮ ಚಿತ್ರಗಳ ಮೂಲಕ ಇಲ್ಲಿನ ಒಂದು ತಲೆಮಾರಿಗೆ ಇಂಥ ಹೊಡೆತಗಳನ್ನು ಕಲಿಸಿದರು. ಅವರ ಕೈಯಲ್ಲಿ ಹುಟ್ಟು ನೀರಿನಿಂದೇಳುವಾಗ ಸದ್ದೇ ಆಗದು; ನನ್ನದು ಈಗಲೂ ಎಮ್ಮೆ ಕೆರೆಯಿಂದ ಏಳುವಂತೆ ಏಳುತ್ತದೆ.

ಗಾಳಿಯ ವಿಷಯವನ್ನು ಹೇಳದೆ ಬಿಡಲಾಗದು. ನೀರಿನ ಮೇಲೆ ಹಗುರವಾಗಿ ಕುಳಿತ ಕನೂವು ಗಾಳಿಗೆ ಒಂದು ಒಣಗಿದ ಎಲೆ. ಯಾವ ತುದಿ ಹಗುರವೋ ಅದು ಗಾಳಿಯ ದಿಕ್ಕಿಗೆ ಹಾರುತ್ತದಾದ್ದರಿಂದ, ಎದುರುಗಾಳಿಯಲ್ಲಿ ಸಾಮಾನನ್ನು ಸ್ವಲ್ಪ ಮುಂದಕ್ಕೂ, ಹಿಂಗಾಳಿಯಲ್ಲಿ ಸ್ವಲ್ಪ ಹಿಂದಕ್ಕೂ ಸರಿಸಬೇಕು. ಒಬ್ಬನೇ ಇದ್ದಾಗ ಹಿಂದಿನ ಆಸನದಲ್ಲಿ ಕುಳಿತು ಮೂತಿಯನ್ನು ಆಕಾಶಕ್ಕೆತ್ತಿಕೊಂಡು ಹೋಗುವ ಬದಲು, ಮುಂದಿನ ಆಸನದಲ್ಲಿ ಹಿಮ್ಮುಖವಾಗಿ ಕುಳಿತು ದೋಣಿಯನ್ನೇ ತಿರುಗುಮುರುಗಾಗಿ ನಡೆಸಿದರೆ ಭಾರವು ನಡುವಿಗೆ ಬರುತ್ತದೆ. ಬೆಳಗಿನ ಜಾವದಲ್ಲಿ ಕನ್ನಡಿಯಂತಿದ್ದ ಸರೋವರವು ಮಧ್ಯಾಹ್ನದ ಹೊತ್ತಿಗೆ ಬೆಳ್ಳನೆಯ ನೊರೆಯೇಳಿಸುವುದು ಇಲ್ಲಿ ನಿತ್ಯದ ಸಂಗತಿ. ಆದ್ದರಿಂದ ಬಯಲು ನೀರನ್ನು ಬೆಳಗ್ಗೆಯೇ ದಾಟಿ, ಮಿಕ್ಕ ಹೊತ್ತು ದಡಕ್ಕೆ ಹತ್ತಿರವಾಗಿಯೇ ಸಾಗಿ, ಗುಡುಗಿನ ಮೊದಲ ಸದ್ದಿಗೇ ದಡ ಸೇರಬೇಕು. ಇವೆಲ್ಲವೂ ಹುಟ್ಟನ್ನು ಕೈಗೆತ್ತಿಕೊಳ್ಳುವ ಮೊದಲೇ ಆಗಬೇಕಾದ ತೀರ್ಮಾನಗಳು.

ಅಘನಾಶಿನಿಯಲ್ಲಿ ಬೆಳೆದವನಿಗೆ ಎಷ್ಟು ಹೇಳಿದರೂ ತಿಳಿಯದ ಸಂಗತಿಯೊಂದಿದೆ, ಅದು ಶೀತ. ನಮ್ಮ ಹೊಳೆಯಲ್ಲಿ ಹುಡುಗನೊಬ್ಬನು ದೋಣಿಯಿಂದ ಬಿದ್ದರೆ ದಡದಲ್ಲಿದ್ದವರು ನಗುತ್ತಾರೆ. ಇಲ್ಲಿ ಮೇ ತಿಂಗಳ ಒಂದು ಬಿಸಿಲಿನ ದಿನ, ಅಂಗಿಯ ತೋಳು ಮಡಿಸುವಷ್ಟು ಗಾಳಿ ಬೆಚ್ಚಗಿದ್ದರೂ, ಎರಡು ವಾರದ ಹಿಂದೆಯಷ್ಟೇ ಹಿಮಗಡ್ಡೆ ಕರಗಿದ ಸರೋವರದ ನೀರು ಐದಾರು ಡಿಗ್ರಿಯಲ್ಲಿರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಇದನ್ನು ಮೂರು ಅಂಕಿಗಳಲ್ಲಿ ಹೇಳುತ್ತಾರೆ: 1, 10, 1. ಬಿದ್ದ ಮೊದಲ 1 ನಿಮಿಷ ಉಸಿರು ತನ್ನ ವಶದಲ್ಲಿರುವುದಿಲ್ಲ, ಎದೆಯು ತಾನಾಗಿ ಏದುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಕಥೆ ಅಲ್ಲಿಗೇ ಮುಗಿಯಬಹುದು. ಮುಂದಿನ 10 ನಿಮಿಷಗಳಷ್ಟೇ ಕೈಕಾಲುಗಳು ಹೇಳಿದ ಮಾತನ್ನು ಕೇಳುತ್ತವೆ. ಆಮೇಲೆ ದೇಹದ ಕಾವು ಇಳಿದು ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಶೀತದಿಂದ ಸಾಯುವುದಕ್ಕೆ ಜನ ತಿಳಿದಿರುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಕೈಸಾಗದೆ ಮುಳುಗುವುದಕ್ಕೆ ಹಿಡಿಯುವುದಿಲ್ಲ.

ಈ ಲೆಕ್ಕವನ್ನು ಅರಿತ ಮೇಲೆ, ಲೈಫ್ ಜಾಕೆಟನ್ನು ಆಸನದ ಕೆಳಗೆ ಮಡಿಸಿಟ್ಟುಕೊಂಡು ಬೇಕಾದಾಗ ಹಾಕಿಕೊಳ್ಳುವೆನೆನ್ನುವ ಮಾತಿಗೆ ಅರ್ಥವಿಲ್ಲದಾಗುತ್ತದೆ. ಬೇಕಾದಾಗ ಬೆರಳುಗಳು ಕೊಂಡಿಯನ್ನು ಸೇರಿಸಲಾರವು. ಇಲ್ಲಿನ ಕಾಯಿದೆಯು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೊಪ್ಪುವ ಒಂದು ಜಾಕೆಟು, ನೀರು ಮೊಗೆದು ಚೆಲ್ಲುವ ಒಂದು ಪಾತ್ರೆ, ಸದ್ದು ಮಾಡುವ ಒಂದು ಸೀಟಿ, ತೇಲುವ ಹಗ್ಗ 15 ಮೀಟರು ಇರಬೇಕೆಂದು ವಿಧಿಸುತ್ತದೆ. ಹೆದ್ದಾರಿಯಲ್ಲಿ ನನ್ನ ಮಾನ ಕಳೆದ ಆ ಹಳದಿ ಹಗ್ಗಕ್ಕೆ ಕಡೆಗೂ ತನ್ನ ನಿಜವಾದ ಉದ್ಯೋಗ ದೊರೆತುದು ಹೀಗೆ. ಗಂಟನ್ನು ಹಿಡಿದುಕೊಳ್ಳದ ಅದೇ ನುಣುಪು ಹಗ್ಗವು ನೀರಿನಲ್ಲಿ ಮುಳುಗದೆ ತೇಲುತ್ತದೆ. ನಮ್ಮ ಕಡೆಯ ಕಡವಿನ ದೋಣಿಯೊಂದರಲ್ಲಿ ಜಾಕೆಟುಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಬೂಸಲು ಹಿಡಿದಿದ್ದುದನ್ನು ಹೋದ ಸಲ ಊರಿಗೆ ಬಂದಾಗ ಕಂಡೆನು. ಹಾಕಿಕೊಳ್ಳಿರೆಂದರೆ, ಬೆವರುತ್ತದೆಂದು ಎಲ್ಲರೂ ನಕ್ಕರು. ನಾನು ಹಾಕಿಕೊಂಡೆನು; ಬೆವರಿತು.

ಅನುಭವವೇ ರಕ್ಷೆಯೆನ್ನುವವರಿಗೆ ಆಲ್ಗಾನ್‌ಕ್ವಿನ್ ಅಭಯಾರಣ್ಯದ ಕನೂ ಸರೋವರವೆಂಬ ಹೆಸರಿನದೇ ಒಂದು ಸರೋವರವನ್ನು ತೋರಿಸಬೇಕಾಗುತ್ತದೆ. 1893ರಲ್ಲಿ ಸ್ಥಾಪಿತವಾದ ಆ ಅಭಯಾರಣ್ಯದ ಪೈನ್ ಮರಗಳನ್ನೂ ನೀರನ್ನೂ ಚಿತ್ರಿಸಿ ಕೆನಡಾದ ಕಣ್ಣನ್ನೇ ತಿದ್ದಿದ ಟಾಮ್ ಥಾಮ್ಸನ್ ಎಂಬ ಚಿತ್ರಕಾರರು, ಅಲ್ಲಿ ಮಾರ್ಗದರ್ಶಿಯಾಗಿ ದುಡಿದು ಆ ನೀರನ್ನು ಚೆನ್ನಾಗಿ ಬಲ್ಲವರಾಗಿದ್ದು, 1917ರ ಜುಲೈ 8ರಂದು ಒಬ್ಬರೇ ಕನೂವಿನಲ್ಲಿ ಹೊರಟರು. ಬೋರಲಾದ ದೋಣಿ ಮೊದಲು ಕಂಡಿತು. ಎಂಟು ದಿನಗಳ ಮೇಲೆ ಅವರ ದೇಹ. ವಯಸ್ಸು 39. ಅದು ಆಕಸ್ಮಿಕವೋ ಕೊಲೆಯೋ ಎಂಬ ವಾದವು ನೂರು ವರ್ಷ ಕಳೆದರೂ ನಿಂತಿಲ್ಲ. ಆ ವಾದದಲ್ಲಿ ತಲೆಹಾಕುವ ಅರ್ಹತೆ ನನಗಿಲ್ಲ. ಆ ಸರೋವರದಲ್ಲಿ ಹುಟ್ಟು ಹಾಕುವಾಗಲೆಲ್ಲ ನನ್ನ ಕೈ ತಾನಾಗಿ ಜಾಕೆಟಿನ ಕೊಂಡಿಯನ್ನು ಮುಟ್ಟಿ ನೋಡುತ್ತದೆಯೆಂದಷ್ಟೇ ಹೇಳಬಲ್ಲೆ.

ಮಗುಚಿದರೆ ಮಾಡಬೇಕಾದುದು ಸ್ವಲ್ಪವೇ. ದೋಣಿಯನ್ನು ಬಿಡಬಾರದು, ನೀರು ತುಂಬಿದರೂ ಅದು ತೇಲುತ್ತದೆ, ದೂರದಿಂದ ಕಾಣಿಸುತ್ತದೆ. ದಡ ಸಮೀಪವಿದ್ದಂತೆ ತೋರಿದರೂ ಈಜಿ ಸೇರುವ ಆಸೆಗೆ ಬೀಳಬಾರದು. ಜೊತೆಗೆ ಮತ್ತೊಂದು ಕನೂ ಇದ್ದರೆ, ಅದರಲ್ಲಿರುವವರು ಮಗುಚಿದ ದೋಣಿಯ ಮೂತಿಯನ್ನು ತಮ್ಮ ಅಂಚುಪಟ್ಟಿಯ ಮೇಲಕ್ಕೆ ಅಡ್ಡಲಾಗಿ ಎಳೆದುಕೊಂಡು, ನೀರೆಲ್ಲ ಸುರಿದ ಮೇಲೆ ಹೊರಳಿಸಿ ಮತ್ತೆ ನೀರಿಗೆ ಜಾರಿಸುತ್ತಾರೆ. ಬೆಚ್ಚನೆಯ ಆಗಸ್ಟಿನಲ್ಲಿ, ದಡದ ಸಮೀಪದಲ್ಲಿ, ಬೇಕೆಂದೇ ಮಗುಚಿ ಇದನ್ನು ಅಭ್ಯಾಸ ಮಾಡಿದ ಮಕ್ಕಳಿಗೆ ಅದೊಂದು ಆಟವಾಯಿತು. ಮೂಗಿನಲ್ಲಿ ನೀರು ಹೊಕ್ಕ ನನಗೆ ಹಾಗೆನಿಸಲಿಲ್ಲ.

ಇನ್ನು ಹೊರುವುದು. ಕನೂವಿನ ನಟ್ಟನಡುವೆ, ಎರಡು ಪಕ್ಕಗಳನ್ನೂ ಬೆಸೆಯುವ ಒಂದು ಅಡ್ಡಪಟ್ಟಿ ಇರುತ್ತದೆ. ಕತ್ತಿಗೆ ಒಪ್ಪುವಂತೆ ಕೊರೆದ ಅದಕ್ಕೆ ಇಲ್ಲಿಯೂ ನೊಗವೆಂದೇ ಹೆಸರು. ದೋಣಿಯ ಪಕ್ಕದಲ್ಲಿ ನಿಂತು ಮೊದಲು ಅದನ್ನು ತೊಡೆಯ ಮೇಲೆ ಒರಗಿಸಿ, ಒಂದು ಕೈಯಿಂದ ನೊಗವನ್ನೂ ಮತ್ತೊಂದರಿಂದ ಆಚೆಯ ಅಂಚನ್ನೂ ಹಿಡಿದು, ಮೊಣಕಾಲಿನಿಂದ ಒಂದು ಒದೆ ಕೊಟ್ಟು ತಿರುಗಿಸಿದರೆ ಅದು ಕಮಾನಿನಂತೆ ಮೇಲೆದ್ದು ಬಂದು ಹೆಗಲ ಮೇಲೆ ಕೂರುತ್ತದೆ. ಎತ್ತುವ ಆ ಎರಡು ಕ್ಷಣವೇ ಕಷ್ಟ. ಕುಳಿತ ಮೇಲೆ ತೂಕವು ಅರ್ಧಕ್ಕರ್ಧ ಇಳಿದಂತೆ ತೋರುತ್ತದೆ. ಒಳಗಿನಿಂದ ಕಾಣುವುದು ಕಾಲಿನ ಮುಂದಿನ ನಾಲ್ಕು ಮಾರು ನೆಲ, ಪೈನ್ ಮರದ ಬೇರುಗಳು, ಸೊಳ್ಳೆಗಳ ಸಭೆ. ಎರಡು ಕೈಗಳೂ ದೋಣಿಗೆ ಮೀಸಲಾದುದರಿಂದ ಅವುಗಳನ್ನು ಓಡಿಸುವ ಹಾಗೂ ಇಲ್ಲ. ನಡೆಯುತ್ತ ನಡೆಯುತ್ತ ಮರಗಳ ನಡುವೆ ನೀರಿನ ಬೆಳಕು ಕಂಡಾಗ ದೊಡ್ಡಪ್ಪನವರ ಪ್ರಶ್ನೆಗೆ ಉತ್ತರ ಹೊಳೆದಂತಾಗುತ್ತದೆ. ದೋಣಿಯನ್ನು ಇಳಿಸಿ ಸೊಂಟ ಹಿಡಿದುಕೊಂಡಾಗ ಮತ್ತೆ ಮರೆತುಹೋಗುತ್ತದೆ.

ಅಕ್ಟೋಬರಿನ ಕೊನೆಗೆ ದೋಣಿಯ ವರ್ಷ ಮುಗಿಯುತ್ತದೆ. ಹಿತ್ತಿಲಿನಲ್ಲಿ ಎರಡು ಮರದ ಕುದುರೆಗಳ ಮೇಲೆ ಬೋರಲು ಮಲಗಿಸಿ, ಬಿಸಿಲು ತಾಗದಂತೆ ಹೊದಿಸುತ್ತೇನೆ. ರಾಯಲೆಕ್ಸಿನ ಹಾಳೆಯು ಚಳಿಗೆ ಮರಕ್ಕಿಂತ ಹೆಚ್ಚು ಕುಗ್ಗುವುದರಿಂದ, ಅಂಚುಪಟ್ಟಿಯ ತಿರುಪುಮೊಳೆಗಳನ್ನು ತುದಿಗಳಿಂದ ಆರಂಭಿಸಿ ಒಂದಿಷ್ಟು ಸಡಿಲಿಸದಿದ್ದರೆ ಜನವರಿಯಲ್ಲಿ ಮೊಳೆಯ ಬುಡದಿಂದಲೇ ಸೀಳು ಬಿಡುತ್ತದೆ. ಹುಟ್ಟುಗಳನ್ನು ಮಾತ್ರ ಮನೆಯೊಳಗೆ ತರುತ್ತೇನೆ. ಒಂದು ವರ್ಷ ಬಿಡಾರದ ಹೊರಗೆ ಬಿಟ್ಟಿದ್ದ ಹುಟ್ಟಿನ ಹಿಡಿಯನ್ನು, ಅದಕ್ಕಂಟಿದ ಬೆವರಿನ ಉಪ್ಪಿನ ಆಸೆಗೆ ಮುಳ್ಳುಹಂದಿಯೊಂದು ರಾತ್ರಿಯೆಲ್ಲ ಕುಳಿತು ತಿಂದುಹಾಕಿತ್ತು. ಕಡೆಗೆ ಅಗಸೆಯೆಣ್ಣೆಯಲ್ಲಿ ಬಟ್ಟೆಯನ್ನದ್ದಿ ಆಶ್ ಮರದ ಪಟ್ಟಿಗೆ ತಿಕ್ಕುವ ಕೆಲಸ. ಗೇರೆಣ್ಣೆಯಂತೆ ಇದು ಕೈಯ ಚರ್ಮವನ್ನು ಸುಡುವುದಿಲ್ಲ. ಆದರೆ ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆ ಒಣಗುವ ಕಾವು ಒಳಗೇ ಕೂಡಿ ಅದು ತಾನಾಗಿ ಹೊತ್ತಿಕೊಳ್ಳಬಹುದು. ಕಾರು ನಿಲ್ಲಿಸುವ ಕೊಟ್ಟಿಗೆಗಳು ಹೀಗೆ ಉರಿದುಹೋದದ್ದುಂಟೆಂದು ನೆರೆಯ ಮುದುಕರು ಎಚ್ಚರಿಸಿದ್ದರು. ಹೀಗಾಗಿ ವರ್ಷದ ಮೊದಲ ಹಿಮ ಉದುರುತ್ತಿರುವಾಗ ನಾನು ಆ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಸೀರೆ ಒಣಹಾಕುವ ತಂತಿಯ ಮೇಲೆ ಹರವುತ್ತಿರುತ್ತೇನೆ. ಅಡುಗೆಮನೆಯ ಕಿಟಕಿಯಿಂದ ಹೆಂಡತಿ ನೋಡಿ, ಈ ಚಳಿಯಲ್ಲಿ ಅದೇನು ಒಣಗೀತೆಂದು ತಲೆಯಾಡಿಸುತ್ತಾಳೆ.